ಗಾಡಿ ನಿಮ್ಮದಾಯ್ತು, ಟ್ಯಾಕ್ಸ್ ಇನ್ನೂ ಆಗಿಲ್ಲ

ಕೆಲಸಕ್ಕೆಂದು ಬ್ರಿಟನ್ನಿಗೆ ಬಂದ ನಮ್ಮವರ ಮೊದಲ ದೊಡ್ಡ ಖರೀದಿ ಸಾಮಾನ್ಯವಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು. ಚಳಿಗಾಲದಲ್ಲಿ ಮಗುವನ್ನು ಸ್ಕೂಲಿಗೆ ಬಿಡಬೇಕು. ಹತ್ತು ಕೆಜಿ ಸೋನಾ ಮಸೂರಿ ಚೀಲ ಹೊತ್ತುಕೊಂಡು ಬಸ್ಸು ಹತ್ತೋದು ಎಷ್ಟು ದಿನ ಅಂತ ನಡೆಯುತ್ತೆ? ಒಂದೆರಡು ವೀಕೆಂಡು ನಾಲ್ಕೈದು ಗಾಡಿ ನೋಡಿ, ಒಂದನ್ನು ಒಪ್ಪಿ, ಚೌಕಾಸಿ ಮಾಡಿ ಮುಗಿಸ್ತೀವಿ. ಫೋನಿನಲ್ಲೇ ದುಡ್ಡು ಹೋಗುತ್ತೆ, ಕೀಲಿ ಕೈಗೆ ಬರುತ್ತೆ. ಉಳಿದಿರೋದು ಒಂದೇ ಕೆಲಸ, ಗಾಡಿಯನ್ನು ಮನೆಗೆ ಓಡಿಸಿಕೊಂಡು ಬರೋದು.

ಇಲ್ಲಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದೇ ಹಂತದ್ದು. "ಮಾರ್ಚ್‌ವರೆಗೂ ಟ್ಯಾಕ್ಸ್ ಇದೆ ಅಂತ ಮಾರೋರು ಹೇಳ್ತಿದ್ದಾರೆ. ಮನೆಗೆ ತಂದು ಸೋಮವಾರ ನೋಡ್ಕೊಂಡ್ರೆ ಆಗಲ್ವಾ?"

ಆಗಲ್ಲ. ಯಾಕೆ ಆಗಲ್ಲ, ಏನು ಮಾಡಿದ್ರೆ ಆಗುತ್ತೆ ಅನ್ನೋದನ್ನ ಈ ಸಲ ನೋಡೋಣ.

ಊರಿನ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮ ತಲೆಯಲ್ಲಿ ಕೂತಿರೋದು ಕರ್ನಾಟಕದ ಲೆಕ್ಕ. ಅಲ್ಲಿ ಸ್ವಂತ ಬಳಕೆಯ ಕಾರಿಗೆ ರಿಜಿಸ್ಟ್ರೇಷನ್ ಸಮಯದಲ್ಲೇ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿ ಆಗಿರುತ್ತೆ. ರಾಜ್ಯದೊಳಗೇ ಕಾರು ಕೈ ಬದಲಾದ್ರೆ ಫಾರಂ 29, ಫಾರಂ 30 ತುಂಬಿ ಆರ್‌ಟಿಒದಲ್ಲಿ ಹೆಸರು ಬದಲಿಸ್ತೀವಿ. ಟ್ಯಾಕ್ಸು ಗಾಡಿಯ ಜೊತೆಗೇ ಬರುತ್ತೆ. ವಿಮೆಯೂ ಹೆಚ್ಚುಕಡಿಮೆ ಹಾಗೇ. ಗಾಡಿ ಮಾರಿದಾಗ ಅದರ ವಿಮೆ ಹೊಸ ಮಾಲೀಕರಿಗೆ ವರ್ಗವಾದಂತೆ ಅಂತ ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತೆ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು, ಅಷ್ಟೇ.

ಬ್ರಿಟನ್ನಿನಲ್ಲಿ ಎರಡೂ ತಿರುಗುಮುರುಗು. ಇಲ್ಲಿ ಟ್ಯಾಕ್ಸೂ ಗಾಡಿಯ ಜೊತೆ ಬರಲ್ಲ, ವಿಮೆಯೂ ಬರಲ್ಲ.

ಹಿಂದೆ ಇಲ್ಲೂ ಟ್ಯಾಕ್ಸ್ ಬರ್ತಿತ್ತು. ಮುಂದಿನ ಗಾಜಿಗೆ ಅಂಟಿಸುವ ದುಂಡನೆಯ ಕಾಗದ ಇರ್ತಿತ್ತು. 1921ರಿಂದ ಚಾಲ್ತಿಯಲ್ಲಿದ್ದ ಆ ಟ್ಯಾಕ್ಸ್ ಡಿಸ್ಕಿನಲ್ಲಿ ಉಳಿದ ತಿಂಗಳುಗಳನ್ನು ಕಾರಿನ ಜೊತೆಗೇ ಮಾರಬಹುದಿತ್ತು. 2014ರ ಅಕ್ಟೋಬರ್ 1ರಂದು ಆ ಕಾಗದ ಹೋಯ್ತು, ಅದರ ಜೊತೆಗೆ ಈ ಪದ್ಧತಿಯೂ ಹೋಯ್ತು. ಈಗ ಗಾಡಿ ಮಾರಿದೆ ಅಂತ ಮಾಲೀಕರು ಡಿವಿಎಲ್‌ಎಗೆ, ಅಂದ್ರೆ ಸ್ವಾನ್ಸಿಯಲ್ಲಿರುವ ವಾಹನ ಮತ್ತು ಲೈಸೆನ್ಸ್ ಇಲಾಖೆಗೆ ತಿಳಿಸಿದ ಕೂಡಲೇ ಅವರ ಟ್ಯಾಕ್ಸ್ ರದ್ದಾಗುತ್ತೆ. ಉಳಿದ ಪೂರ್ತಿ ತಿಂಗಳುಗಳ ದುಡ್ಡು ಅವರಿಗೇ ವಾಪಸ್ ಹೋಗುತ್ತೆ.

ಸಾಫ್ಟ್‌ವೇರಿನವರಿಗೆ ಹೇಳೋದಾದ್ರೆ ಇದು ಡಿವೈಸಿಗೆ ಕೊಟ್ಟ ಲೈಸೆನ್ಸ್ ಅಲ್ಲ, ಯೂಸರ್ ಅಕೌಂಟಿಗೆ ಕೊಟ್ಟದ್ದು. ಲ್ಯಾಪ್‌ಟಾಪ್ ಮಾರಿದ ತಕ್ಷಣ ಹಳೇ ಅಕೌಂಟ್ ಲಾಗ್‌ಔಟ್. ಹಾಗಾಗಿ "ಮಾರ್ಚ್‌ವರೆಗೂ ಟ್ಯಾಕ್ಸ್ ಇದೆ" ಅನ್ನೋದು ಮಾರುವವರ ಮಟ್ಟಿಗೆ ನಿಜ. ನಿಮ್ಮ ಮಟ್ಟಿಗೆ ಅದಕ್ಕೆ ಅರ್ಥವೇ ಇಲ್ಲ. ಹೊಸಬರಿಗೆ ಅಂತ ಎರಡು ದಿನದ ರಿಯಾಯಿತಿಯೂ ಇಲ್ಲ. ಟ್ಯಾಕ್ಸ್ ಆದ ಮೇಲೆ ರಸ್ತೆ, ಅದೇ ನಿಯಮ.

ಆ ಹಸಿರು ಚೀಟಿ

ಒಳ್ಳೇ ಸುದ್ದಿ ಏನಂದ್ರೆ ಇದು ಹತ್ತು ನಿಮಿಷದ ಕೆಲಸ. ಮಾರುವವರ ಮನೆ ಮುಂದೆ ನಿಂತೇ, ಫೋನಿನಲ್ಲೇ ಮುಗಿಯುತ್ತೆ.

ಇಲ್ಲಿನ ಆರ್‌ಸಿ ಪುಸ್ತಕದ ಹೆಸರು ವಿ5ಸಿ, ಆಡುಮಾತಲ್ಲಿ ಲಾಗ್‌ಬುಕ್. ಅದರಲ್ಲಿ ಹೊಸಬರಿಗೆಂದು ಒಂದು ಹಸಿರು ಚೀಟಿ ಇದೆ, ವಿ5ಸಿ/2 ಅಂತ. ಮಾರುವವರು ಅದನ್ನು ಕಿತ್ತು ನಿಮಗೆ ಕೊಡಬೇಕು. ಅದರ ಮೇಲೆ 12 ಅಂಕಿಯ ನಂಬರ್ ಇರುತ್ತೆ. ಸರ್ಕಾರದ ಗವ್ ಡಾಟ್ ಯುಕೆ ತಾಣಕ್ಕೆ ಹೋಗಿ ಆ ನಂಬರ್ ಹಾಕಿ, ಕಾರ್ಡಿನಲ್ಲೋ ಡೈರೆಕ್ಟ್ ಡೆಬಿಟ್‌ನಲ್ಲೋ ದುಡ್ಡು ಕಟ್ಟಿದ್ರೆ ಮುಗೀತು. ನೆಟ್‌ವರ್ಕ್ ಸಿಗದಿದ್ರೆ ಡಿವಿಎಲ್‌ಎಯ ಫೋನ್ ಸೇವೆ ಇದೆ. ವಾಹನ ಟ್ಯಾಕ್ಸ್ ಕಟ್ಟಿಸಿಕೊಳ್ಳುವ ಪೋಸ್ಟ್ ಆಫೀಸಿಗೂ ಚೀಟಿ ತಗೊಂಡು ಹೋಗಬಹುದು. ಅಲ್ಲಿಗೆ ಹೋಗುವಾಗ ಆ ಗಾಡಿಯಲ್ಲಿ ಹೋಗಬೇಡಿ, ಅಷ್ಟೇ.

ಮಾರುವವರೂ ಅಲ್ಲೇ ನಿಂತು ತಮ್ಮ ಫೋನಿನಲ್ಲಿ "ಮಾರಿದ್ದೇನೆ" ಅಂತ ಡಿವಿಎಲ್‌ಎಗೆ ತಿಳಿಸಲಿ. ನಿಮ್ಮ ಹೆಸರು, ವಿಳಾಸದ ಸ್ಪೆಲಿಂಗ್ ಅವರ ಪಕ್ಕ ನಿಂತೇ ನೋಡಿಕೊಳ್ಳಿ. ಹೊಸ ಲಾಗ್‌ಬುಕ್ ಆ ವಿಳಾಸಕ್ಕೇ ಅಂಚೆಯಲ್ಲಿ ಬರೋದು.

"ಲಾಗ್‌ಬುಕ್ ಕಳೆದುಹೋಗಿದೆ, ನೀವೇ ಅಪ್ಲೈ ಮಾಡ್ಕೊಳ್ಳಿ" ಅಂತ ಯಾರಾದ್ರೂ ಹೇಳಿದ್ರೆ ನಮಸ್ಕಾರ ಹೇಳಿ ಬನ್ನಿ. ಅವರದ್ದೇ ಗಾಡಿ ಆಗಿದ್ರೆ ಅವರೇ ಹೊಸದು ತರಿಸಿಕೊಳ್ಳಲಿ. ಇನ್ನೊಂದು ವಿಷಯ, ಲಾಗ್‌ಬುಕ್ಕಿನಲ್ಲಿ ಇರೋದು 'ರಿಜಿಸ್ಟರ್ಡ್ ಕೀಪರ್' ಹೆಸರು. ಅದು ಮಾಲೀಕತ್ವದ ದಾಖಲೆ ಅಲ್ಲ ಅಂತ ಅದರ ಮೇಲೇ ಬರೆದಿರುತ್ತೆ. ಹಾಗಾಗಿ ದುಡ್ಡು ಕೊಟ್ಟಿದ್ದಕ್ಕೆ ಸಹಿ ಮಾಡಿದ ರಸೀದಿ ಬೇರೆ ಇಟ್ಟುಕೊಳ್ಳಿ.

ಎಷ್ಟು ದುಡ್ಡು?

2017ರ ಏಪ್ರಿಲ್ 1ರ ನಂತರ ರಿಜಿಸ್ಟರ್ ಆದ ಕಾರುಗಳಿಗೆ ಮೊದಲ ವರ್ಷ ಕಳೆದ ಮೇಲೆ ಒಂದೇ ದರ. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 195 ಪೌಂಡ್ ಆಯ್ತು. ಅದಕ್ಕಿಂತ ಹಳೆಯ, 2001ರಿಂದೀಚಿನ ಕಾರುಗಳಿಗೆ ಹೊಗೆಯಲ್ಲಿನ ಇಂಗಾಲದ ಪ್ರಮಾಣ ನೋಡಿ ದರ. ಎಲೆಕ್ಟ್ರಿಕ್ ಗಾಡಿಗೆ ಟ್ಯಾಕ್ಸ್ ಇಲ್ಲ ಅನ್ನೋ ಮಾತೂ 2025ರ ಏಪ್ರಿಲ್ 1ಕ್ಕೆ ಮುಗೀತು. ತಿಂಗಳು ತಿಂಗಳು ಕಟ್ಟೋದಾದ್ರೆ ಶೇ 5 ಹೆಚ್ಚು ಬೀಳುತ್ತೆ.

ಇಲ್ಲೊಂದು ಸಣ್ಣ ಅನ್ಯಾಯ ಇದೆ. ನೀವು ತಿಂಗಳ 28ಕ್ಕೆ ಕಟ್ಟಿದರೂ ಲೆಕ್ಕ ಶುರುವಾಗೋದು ಆ ತಿಂಗಳ 1ನೇ ತಾರೀಖಿನಿಂದ. ಮಾರಿದವರಿಗೆ ವಾಪಸ್ ಸಿಗೋದು ಮುಂದಿನ ಪೂರ್ತಿ ತಿಂಗಳುಗಳ ದುಡ್ಡು ಮಾತ್ರ. ಅಂದ್ರೆ ಒಂದೇ ಕಾರಿಗೆ ಒಂದೇ ತಿಂಗಳ ಟ್ಯಾಕ್ಸು ಸರ್ಕಾರಕ್ಕೆ ಎರಡು ಸಲ. 195ರ ದರದಲ್ಲಿ ಇದು ಸುಮಾರು 16 ಪೌಂಡ್. "1ನೇ ತಾರೀಖು ಕಟ್ಟೋಣ, ಅಲ್ಲಿವರೆಗೂ ಹಾಗೇ ಓಡಿಸೋಣ" ಅನ್ನೋ ಬುದ್ಧಿವಂತಿಕೆ ಹುಟ್ಟೋದೇ ಇಲ್ಲಿ. ಟ್ಯಾಕ್ಸ್ ಕಟ್ಟದ ಗಾಡಿಗೆ ಮನೆಗೇ ಬರುವ ದಂಡದ ಪತ್ರ 80 ಪೌಂಡಿನದ್ದು. ಕೋರ್ಟಿಗೆ ಹೋದ್ರೆ 1,000 ಪೌಂಡ್ ಅಥವಾ ವರ್ಷದ ಟ್ಯಾಕ್ಸಿನ ಐದು ಪಟ್ಟು, ಯಾವುದು ಹೆಚ್ಚೋ ಅಲ್ಲಿವರೆಗೂ ಹೋಗಬಹುದು. ರಸ್ತೆ ಪಕ್ಕ ನಿಲ್ಲಿಸಿದ್ರೂ ಚಕ್ರಕ್ಕೆ ಬೀಗ ಹಾಕಬಹುದು. ಮೋಟಾರ್‌ವೇ ಮೇಲಿನ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗೆ ವಾರಾಂತ್ಯವೂ ಇಲ್ಲ, ದಾಕ್ಷಿಣ್ಯವೂ ಇಲ್ಲ.

ಟ್ಯಾಕ್ಸಿಗಿಂತ ದೊಡ್ಡದು ವಿಮೆ

ಟ್ಯಾಕ್ಸ್ ತಪ್ಪಿದ್ರೆ ದುಡ್ಡು ಹೋಗುತ್ತೆ. ವಿಮೆ ತಪ್ಪಿದ್ರೆ ಲೈಸೆನ್ಸೇ ಹೋಗಬಹುದು.

ಪರಿಚಯದ ಹುಡುಗ ಒಬ್ಬ, ನಮ್ಮ ಗುಂಪಿನವನೇ, ಶನಿವಾರ ಸಂಜೆ ಕಾರು ಕೊಂಡ. ಟ್ಯಾಕ್ಸ್ ಅಲ್ಲೇ ಕಟ್ಟಿದ. ವಿಮೆಯನ್ನೂ ಫೋನಿನಲ್ಲೇ ಮಾಡಿದ. ಆದರೆ ಪಾಲಿಸಿ ಶುರುವಾಗುವ ಸಮಯ ಭಾನುವಾರ ಬೆಳಗಿನ ಜಾವ 00:01 ಅಂತಿತ್ತು. ಆ್ಯಪ್ ತಾನಾಗಿ ತುಂಬಿದ್ದನ್ನ ಅವನು ಬದಲಿಸಿರಲಿಲ್ಲ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಪಾಲಿಸಿ ತೋರಿಸಿದ, ಅವರು ಸಮಯ ತೋರಿಸಿದರು. ಗಾಡಿಯನ್ನು ಲಾರಿ ಮೇಲೆ ಹತ್ತಿಸಿಕೊಂಡು ಹೋದರು. ಹೆಂಡತಿ, ಮಗು, ಕಾರ್ ಸೀಟು ಸಮೇತ ಇವರು ಟ್ಯಾಕ್ಸಿಗೆ ಕಾದರು.

ವಿಮೆ ಇಲ್ಲದೆ ಓಡಿಸಿದರೆ ಇಲ್ಲಿ 300 ಪೌಂಡ್ ದಂಡ, ಲೈಸೆನ್ಸಿಗೆ 6 ಪಾಯಿಂಟ್. ಈ ಆರು ಅನ್ನೋ ಅಂಕಿ ನಮ್ಮಂಥವರಿಗೆ ಬಹಳ ಮುಖ್ಯ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ಓಡಿಸಬಹುದಾದದ್ದು ಬಂದು ನೆಲೆಸಿದ ಮೊದಲ 12 ತಿಂಗಳು ಮಾತ್ರ. ಆಮೇಲೆ ಇಲ್ಲಿನ ಟೆಸ್ಟ್ ಪಾಸ್ ಮಾಡಲೇಬೇಕು. ಊರಲ್ಲಿ ಹತ್ತು ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದ್ರೂ ಕಾನೂನಿನ ಕಣ್ಣಲ್ಲಿ ನೀವು ಹೊಸ ಡ್ರೈವರ್. ಟೆಸ್ಟ್ ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದು. ಮತ್ತೆ ಪ್ರಾವಿಷನಲ್, ಮತ್ತೆ ಥಿಯರಿ, ಮತ್ತೆ ರೋಡ್ ಟೆಸ್ಟ್. ಆ ಹುಡುಗ ಟೆಸ್ಟ್ ಪಾಸಾಗಿ ಎಂಟು ತಿಂಗಳಾಗಿತ್ತು. ಕೇಸು ಕೋರ್ಟಿಗೆ ಹೋಗಿ ಶಿಕ್ಷೆಯಾದ್ರೆ ಮುಂದೆ ವೀಸಾ, ಪೌರತ್ವದ ಅರ್ಜಿಗಳಲ್ಲಿ ಅದನ್ನೂ ಬರೆಯಬೇಕಾಗುತ್ತೆ.

ಇನ್ನೊಂದು ಬಲೆ ಇದೆ. "ನನ್ನ ಪಾಲಿಸಿಯಲ್ಲಿ ಬೇರೆಯವರ ಕಾರು ಓಡಿಸೋ ಅವಕಾಶ ಇದೆ, ಅದರಲ್ಲೇ ತರ್ತೀನಿ" ಅಂತಾರೆ. ಆ ಅವಕಾಶ ಬೇರೆಯವರ ಕಾರಿಗೆ. ದುಡ್ಡು ಕೊಟ್ಟ ಕ್ಷಣ ಅದು ನಿಮ್ಮ ಕಾರು. ಗೆಳೆಯನನ್ನು ಕರೆದುಕೊಂಡು ಹೋಗಿ ಅವನ ಕೈಲಿ ಓಡಿಸೋದಾದ್ರೆ ಅವನ ಪಾಲಿಸಿ ಏನು ಹೇಳುತ್ತೆ ಅಂತ ಓದಿ ನೋಡಿ. ಹಲವು ಪಾಲಿಸಿಗಳಲ್ಲಿ ಈ ಅವಕಾಶವೇ ಇರಲ್ಲ.

ಒಂದು ದಿನದ ತಾತ್ಕಾಲಿಕ ವಿಮೆಯೂ ಸಿಗುತ್ತೆ. ಭಾರತದ ಲೈಸೆನ್ಸ್ ಇರೋರು ಮಾತ್ರ, ಕಾರು ನೋಡೋಕೆ ಹೊರಡುವ ಮೊದಲೇ ಯಾರು ಕೊಡ್ತಾರೆ ಅಂತ ವಿಚಾರಿಸಿಕೊಳ್ಳಿ.

ಎಂಒಟಿ ಅನ್ನೋ ಸಣ್ಣ ಬಾಗಿಲು

ಮೂರು ವರ್ಷ ದಾಟಿದ ಕಾರಿಗೆ ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್, ವೇಲ್ಸ್‌ನಲ್ಲಿ ಪ್ರತಿ ವರ್ಷ ಎಂಒಟಿ ಪರೀಕ್ಷೆ ಆಗಬೇಕು. ನಮ್ಮ ಫಿಟ್‌ನೆಸ್ ಸರ್ಟಿಫಿಕೇಟ್ ಇದ್ದ ಹಾಗೆ. ಎಂಒಟಿ ಮುಗಿದಿದ್ರೆ ಟ್ಯಾಕ್ಸ್ ಕಟ್ಟೋಕೇ ಆಗಲ್ಲ.

ಹಾಗಾದ್ರೆ ಅಂಥ ಗಾಡಿ ಗ್ಯಾರೇಜಿಗೆ ಹೋಗೋದು ಹೇಗೆ? ಅದಕ್ಕೆ ಕಾನೂನು ಒಂದು ಸಣ್ಣ ಬಾಗಿಲು ಬಿಟ್ಟಿದೆ. ಮೊದಲೇ ಬುಕ್ ಮಾಡಿದ ಎಂಒಟಿಗೆ ಟ್ಯಾಕ್ಸ್ ಇಲ್ಲದೆ ಓಡಿಸಿಕೊಂಡು ಹೋಗಬಹುದು. ವಿಮೆ ಮಾತ್ರ ಇರಲೇಬೇಕು, ಗಾಡಿ ಓಡಿಸುವ ಸ್ಥಿತಿಯಲ್ಲೂ ಇರಬೇಕು. ರಸ್ತೆಗಿಳಿಸಲ್ಲ ಅಂತ ಬರೆದುಕೊಟ್ಟ, ಸಾರ್ನ್ ಅಂತ ಕರೆಯುವ ಗಾಡಿಗೂ ಇದೇ ನಿಯಮ.

ಬ್ರಿಸ್ಟಲ್‌ನಲ್ಲಿ ಗಾಡಿ ಕೊಂಡು, ರೆಡಿಂಗ್‌ನ ಮನೆ ಪಕ್ಕದ ಗ್ಯಾರೇಜಿನಲ್ಲಿ ಎಂಒಟಿ ಬುಕ್ ಮಾಡಿ, ಆ ನೆಪದಲ್ಲಿ ಮನೆಗೆ ತರುವ ಐಡಿಯಾ ನಿಮಗೆ ಯಾರಾದರೂ ಕೊಟ್ಟೇ ಕೊಡ್ತಾರೆ. ಆ ಬಾಗಿಲು ಇರೋದು ಗ್ಯಾರೇಜಿಗೆ ಹೋಗೋಕೆ. ದಾರಿಯಲ್ಲಿ ಊಟಕ್ಕೆ ನಿಂತು, ಸಂಬಂಧಿಕರ ಮನೆಗೆ ಹೋಗಿ ಬಂದರೆ ಅದನ್ನು ಎಂಒಟಿ ಪ್ರಯಾಣ ಅಂತ ಒಪ್ಪಿಸೋದು ನಿಮ್ಮ ಪಾಡು. ಮೇಲಾಗಿ, ವರ್ಷದಿಂದ ಪರೀಕ್ಷೆ ಆಗದ ಬ್ರೇಕನ್ನು ನಂಬಿ ಮಕ್ಕಳನ್ನ ಕೂರಿಸಿಕೊಂಡು ಎಪ್ಪತ್ತೆಂಬತ್ತು ಮೈಲಿ ಯಾಕೆ ಬರಬೇಕು? "ಎಂಒಟಿ ಮಾಡಿಸಿ ಕೊಡಿ, ಆಮೇಲೆ ದುಡ್ಡು ಕೊಡ್ತೀನಿ" ಅನ್ನೋದೇ ಸರಿಯಾದ ದಾರಿ. ಅವರು ಒಪ್ಪದಿದ್ರೆ ಅದೂ ಒಂದು ಮಾಹಿತಿಯೇ.

ಅದೂ ಆಗದಿದ್ರೆ ಗಾಡಿಯನ್ನು ಪೂರ್ತಿ ಟ್ರೇಲರ್ ಮೇಲೆ ಹತ್ತಿಸಿ ತರಿಸಿ. ಹಗ್ಗ ಕಟ್ಟಿ ಎಳೆದು ತರೋದು ಲೆಕ್ಕಕ್ಕಿಲ್ಲ. ಚಕ್ರ ರಸ್ತೆ ಮೇಲೆ ಉರುಳಿದ್ರೆ ಅದಕ್ಕೂ ಟ್ಯಾಕ್ಸ್ ಬೇಕು. ಕೆಂಪು ಅಕ್ಷರದ ಬಿಳಿ ಟ್ರೇಡ್ ಪ್ಲೇಟ್ ಹಾಕಿ ಡೀಲರುಗಳು ಓಡಿಸೋದನ್ನ ನೋಡಿರ್ತೀರಿ. ಅದು ಅವರ ವ್ಯಾಪಾರಕ್ಕೆ, ನಮಗೆ ಸಾಲ ಕೊಡೋಕಲ್ಲ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

1. ಮನೆಯಿಂದ ಹೊರಡುವ ಮೊದಲು ಗಾಡಿಯ ನಂಬರ್ ಹಾಕಿ ಗವ್ ಡಾಟ್ ಯುಕೆಯಲ್ಲಿ ಟ್ಯಾಕ್ಸ್ ಸ್ಥಿತಿ, ಎಂಒಟಿ ಇತಿಹಾಸ ನೋಡಿ. ಎರಡೂ ಉಚಿತ. ಓಡಿದ ಮೈಲಿಯೂ ಅಲ್ಲೇ ವರ್ಷವಾರು ಸಿಗುತ್ತೆ.

2. ಸಾಲ ಬಾಕಿ ಇದೆಯಾ, ಕದ್ದ ಗಾಡಿಯಾ ಅಂತ ತಿಳಿಸುವ ಖಾಸಗಿ ಚೆಕ್ ಒಂದನ್ನ ದುಡ್ಡು ಕೊಟ್ಟು ಮಾಡಿಸಿ.

3. ಲಾಗ್‌ಬುಕ್ಕಿನ ವಿಳಾಸ ಮತ್ತು ನೀವು ನಿಂತಿರುವ ಮನೆ, ಲಾಗ್‌ಬುಕ್ಕಿನ ಛಾಸಿ ನಂಬರ್ ಮತ್ತು ಗಾಡಿ ಮೇಲಿನ ನಂಬರ್ ಒಂದೇನಾ ನೋಡಿ.

4. ವಿಮೆ. ತಾರೀಖಿನ ಜೊತೆ ಗಂಟೆಯನ್ನೂ ಓದಿ. ಸರ್ಟಿಫಿಕೇಟ್ ಫೋನಿನಲ್ಲಿ ಇಳಿಸಿಕೊಳ್ಳಿ. ವಿಮೆಯ ಡೇಟಾಬೇಸಿನಲ್ಲಿ ನಿಮ್ಮ ಹೆಸರು ಬರೋಕೆ ಕೆಲವು ದಿನ ಹಿಡಿಯಬಹುದು.

5. ದುಡ್ಡು, ರಸೀದಿ, ಹಸಿರು ಚೀಟಿ.

6. ಟ್ಯಾಕ್ಸ್. ಖಚಿತಪಡಿಸುವ ಇಮೇಲ್ ಬಂದ ಮೇಲೆ ಕೀಲಿ ತಿರುಗಿಸಿ.

ನಮ್ಮವರಿಗೆ ಇದರಲ್ಲಿ ಕಷ್ಟ ಅನ್ನಿಸೋದು ಫಾರಂ ಅಲ್ಲ, ಸಂಕೋಚ. ಮಾರಿದವರು ಬಾಗಿಲಲ್ಲಿ ನಿಂತು ನಗ್ತಿರ್ತಾರೆ. ಅವರ ಮನೆ ಮುಂದೆ ಫೋನ್ ಒತ್ತುತ್ತಾ ನಿಂತರೆ ನಂಬಿಕೆ ಇಲ್ಲ ಅಂದುಕೊಳ್ತಾರೇನೋ ಅನ್ಸುತ್ತೆ. ಹಾಗೇನೂ ಇಲ್ಲ. ಇಲ್ಲಿ ಎಲ್ಲರೂ ಹೀಗೇ ನಿಲ್ತಾರೆ. "ಟ್ಯಾಕ್ಸ್ ಕಟ್ಟಿ ಹೊರಡ್ತೀನಿ, ಹತ್ತು ನಿಮಿಷ" ಅಂದ್ರೆ ಟೀ ಬೇಕಾ ಅಂತ ಕೇಳೋರೂ ಇದ್ದಾರೆ. ಕೊಟ್ಟರೆ ಕುಡಿಯಿರಿ. ಇಮೇಲ್ ಬರೋವರೆಗೂ ಟೈಮ್ ಇದೆ.