ಅಡುಗೆ ಎಣ್ಣೆ ಯಾವುದೆಂದು ಹೇಳಿ, ಆಮೇಲೆ ಅಭಿಪ್ರಾಯ ಕೇಳಿ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎರಡು ಬಗೆಯ ಸಂಶೋಧನೆ ನಡೆಯುತ್ತದೆ. ಬೆಳಕಿನಂಥ ವಿದ್ಯುತ್ಕಾಂತೀಯ ಅಲೆಗಳು ವಸ್ತುವಿಗೆ ಬಡಿದು ಹೇಗೆ ಚದುರುತ್ತವೆ ಎಂದು ಭೌತಶಾಸ್ತ್ರದವರು ಅಳೆಯುತ್ತಾರೆ. ಹೊರದೇಶದ ಆಹಾರದ ಬಗ್ಗೆ ಗ್ರಾಹಕರಿಗೆ ಏನನ್ನಿಸುತ್ತದೆ ಎಂದು ವಾಣಿಜ್ಯ ವಿಭಾಗದವರು ಪ್ರಶ್ನಾವಳಿ ಹಿಡಿದು ಕೇಳುತ್ತಾರೆ. ಎರಡಕ್ಕೂ ಹೋಗುವುದು ನಮ್ಮ ತೆರಿಗೆ ದುಡ್ಡು. ಎರಡೂ ನಮ್ಮೂರಿನ ಕಿರಾಣಿ ಅಂಗಡಿ ತನಕ ಬಂದದ್ದನ್ನು ಕಂಡವರು ಯಾರು?

ಮೊದಲು ಪ್ರಶ್ನಾವಳಿಯ ಮಾತು. 1987ರಲ್ಲಿ ಅಮೆರಿಕದಲ್ಲಿ ಶಿಂಪ್ ಮತ್ತು ಶರ್ಮಾ ಎಂಬ ಇಬ್ಬರು ಪ್ರಾಧ್ಯಾಪಕರು 17 ಹೇಳಿಕೆಗಳ ಅಳತೆಗೋಲೊಂದನ್ನು ಮಾಡಿದರು. ಸ್ವದೇಶಿ ವಸ್ತುವನ್ನೇ ಕೊಳ್ಳಬೇಕೆಂಬ ಮಾತನ್ನು ನೀವು ಎಷ್ಟು ಒಪ್ಪುತ್ತೀರಿ ಎಂದು ಅಂಕ ಹಾಕಿಸುವುದು ಅದರ ಕೆಲಸ. ಅಮೆರಿಕನ್ನರಿಗಾಗಿ ಮಾಡಿದ ಅದನ್ನು ಭಾರತದಲ್ಲೂ ಬಳಸುತ್ತಾರೆ. ಬಳಸಲಿ. ಆದರೆ ತಾವು ತಿನ್ನುತ್ತಿರುವುದು ಹೊರದೇಶದ್ದು ಎಂದೇ ತಿಳಿಯದವರ ಅಭಿಪ್ರಾಯ ಅಳೆದರೆ ಸಿಗುವುದೇನು?

ನಿಮ್ಮ ಬಾಣಲೆಯನ್ನೇ ನೋಡಿ. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ವರ್ಷಕ್ಕೆ ಸುಮಾರು 160 ಲಕ್ಷ ಟನ್ ಬರುತ್ತಿದೆ. ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ, ಅಂದರೆ ಪಾಮ್ ಎಣ್ಣೆ. ಕಚ್ಚಾ ಎಣ್ಣೆ ಹಡಗಿನಲ್ಲಿ ಬಂದು, ಇಲ್ಲಿ ಶುದ್ಧವಾಗಿ, ಇಲ್ಲಿನ ಪ್ಯಾಕೆಟ್ ಸೇರುತ್ತದೆ. ಪ್ಯಾಕೆಟ್ ಮೇಲೆ ಕಂಪನಿಯ ವಿಳಾಸ ಕಾಣುತ್ತದೆ, ಎಣ್ಣೆ ಹುಟ್ಟಿದ ದೇಶ ಕಾಣುವುದು ಅಪರೂಪ. ಬಜ್ಜಿ, ಮಿಕ್ಸ್ಚರ್, ಬಿಸ್ಕತ್ತಿನೊಳಗೆ ಸೇರಿದ ಎಣ್ಣೆಯನ್ನಂತೂ ಕೇಳುವವರೇ ಇಲ್ಲ.

ಇದು ತಾನಾಗಿ ಆದದ್ದಲ್ಲ. 1986ರಲ್ಲಿ ಎಣ್ಣೆಕಾಳು ಮಿಷನ್ ಶುರುವಾಗಿ, 90ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚೂಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಆಗ ಶೇ 65 ಇದ್ದ ಸುಂಕ 1998ರ ಹೊತ್ತಿಗೆ ಶೇ 15ಕ್ಕೆ ಇಳಿಯಿತು. 2025ರ ಮೇ ಕೊನೆಯಲ್ಲೂ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿದರು. ಶೇಂಗಾ ಗಾಣಗಳಿಂದ ‘ಎಣ್ಣೆ ನಗರ’ ಎನಿಸಿಕೊಂಡ ಚಳ್ಳಕೆರೆಗೆ ಹೋಗಿ, ಬಾಗಿಲು ಮುಚ್ಚಿದ ಗಿರಣಿಗಳು ಈ ಕಥೆ ಹೇಳುತ್ತವೆ.

ಅದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ದನ ಮೇಯುತ್ತಿದ್ದ ಕಾವಲಿನ 1,500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಈ ಸಂಸ್ಥೆಗೆ 1933ರಲ್ಲಿ ನಿರ್ದೇಶಕರಾಗಿ ಬಂದವರು ಸಿ.ವಿ. ರಾಮನ್. 1928ರಲ್ಲಿ ಅವರು ಕಂಡುಕೊಂಡದ್ದು ಇಷ್ಟು: ವಸ್ತುವಿಗೆ ಬಡಿದು ಚದುರುವ ಬೆಳಕಿನಲ್ಲಿ ಬಹಳ ಸಣ್ಣ ಪಾಲು, ಸುಮಾರು ಕೋಟಿಗೊಂದು, ತನ್ನ ಬಣ್ಣ ಬದಲಿಸುತ್ತದೆ. ಎಷ್ಟು ಬದಲಿಸಿತು ಎನ್ನುವುದು ಆ ವಸ್ತುವಿನ ಅಣುಗಳ ಗುರುತು. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬು, ಶೇಂಗಾ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲು. ಹಾಗಾಗಿ ಎರಡರ ಗುರುತೂ ಬೇರೆ ಬೇರೆ. ಕೈಯಲ್ಲಿ ಹಿಡಿಯುವ ರಾಮನ್ ಉಪಕರಣಗಳಿಂದ ಮಾದಕ ವಸ್ತು, ಸ್ಫೋಟಕ ಪತ್ತೆ ಮಾಡುತ್ತಾರೆ. ಎಣ್ಣೆಗೆ ಏಕಿಲ್ಲ?

ಉಪಕರಣಕ್ಕೆ ಲಕ್ಷಗಟ್ಟಲೆ ಬೇಕು, ಸ್ವಲ್ಪವೇ ಬೆರೆಸಿದ್ದರೆ ಹಿಡಿಯುವುದು ಕಷ್ಟ ಎನ್ನುತ್ತಾರೆ. ನಿಜ. ಅಂಗಡಿಗೊಂದು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಆಹಾರ ಸುರಕ್ಷತೆಯ ಸಂಚಾರಿ ವಾಹನದಲ್ಲಿ ಜಿಲ್ಲೆಗೊಂದಿರಲಿ. ಸಂತೆಯಲ್ಲಿ ಅನುಮಾನ ಬಂದ ಡಬ್ಬಿಯನ್ನು ಅದು ಬೇರ್ಪಡಿಸಲಿ, ಕೊನೆಯ ತೀರ್ಪು ಪ್ರಯೋಗಾಲಯ ಕೊಡಲಿ. ಸಣ್ಣ ಬೆರಕೆಯನ್ನೂ ಹಿಡಿಯುವುದು ಹೇಗೆಂಬುದೇ ಪಿಎಚ್‌ಡಿಗೆ ತಕ್ಕ ಪ್ರಶ್ನೆಯಲ್ಲವೇ?

ಪಾಮ್ ಎಣ್ಣೆ ವಿಷ ಎಂದು ನಾವು ಹೇಳುತ್ತಿಲ್ಲ. ಬಡವರ ಮನೆಯ ಒಗ್ಗರಣೆ ನಡೆಯುತ್ತಿರುವುದೇ ಅದರಿಂದ. ಅಗ್ಗದ್ದನ್ನು ಕೊಳ್ಳುವುದು ದೇಶದ್ರೋಹವಲ್ಲ. ಅಗ್ಗದ್ದನ್ನು ಶೇಂಗಾ ಎಣ್ಣೆಯ ಹೆಸರಲ್ಲಿ, ಶೇಂಗಾ ಎಣ್ಣೆಯ ರೇಟಿಗೆ ಮಾರುವುದು ಮೋಸ. ಆ ಮೋಸ ಕೊಳ್ಳುವವರ ಜೇಬಿಗೂ ಕತ್ತರಿ, ಮಳೆ ನಂಬಿ ಶೇಂಗಾ ಬಿತ್ತಿದವರ ಬೆಲೆಗೂ ಕತ್ತರಿ.

ಕಾನೂನು ನಿಮ್ಮ ಕಡೆಗಿದೆ. ಎರಡು ಎಣ್ಣೆ ಬೆರೆಸಿ ಮಾರುವುದಾದರೆ ಯಾವುದು ಎಷ್ಟು ಎಂದು ಪ್ಯಾಕೆಟ್ ಮೇಲೆ ಬರೆಯಲೇಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ನೀವೇ ಪರೀಕ್ಷೆಗೆ ಕೊಡಬಹುದು. ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಮಾಲು ಕಾನೂನಿಗೆ ತಕ್ಕಂತಿಲ್ಲ ಎಂದು ವರದಿ ಬಂದರೆ ಶುಲ್ಕ ವಾಪಸ್. ಒಬ್ಬರಿಗೆ ಖರ್ಚು ಹೆಚ್ಚೆನಿಸಿದರೆ ಸ್ವಸಹಾಯ ಸಂಘದವರು ಒಟ್ಟಾಗಿ ಮಾಡಿಸಿ.

ವಿಶ್ವವಿದ್ಯಾಲಯಗಳಿಗೆ ನಮ್ಮ ಬೇಡಿಕೆ ಎರಡೇ. ಭೌತಶಾಸ್ತ್ರದವರೂ ವಾಣಿಜ್ಯದವರೂ ಒಂದೇ ಜೀಪು ಹತ್ತಿ ಸಂತೆಗೆ ಬನ್ನಿ. ಡಬ್ಬಿಯಲ್ಲಿ ಏನಿದೆ ಎಂದು ಮೊದಲು ತೋರಿಸಿ, ಆಮೇಲೆ ನಿಮ್ಮ 17 ಹೇಳಿಕೆ ಓದಿ. ಮತ್ತೆ, ಸಿಕ್ಕ ಉತ್ತರವನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ. ಎಣ್ಣೆ ತಿನ್ನುವವರು ನಾವು, ಓದುವ ಹಕ್ಕೂ ನಮ್ಮದೇ.