ನಂಬದವನು ಕಾಯ್ದ ಹಾಡುಗಳು

1904ರಲ್ಲಿ ಲಂಡನ್ನಿನ ಒಂದು ಮನೆಯ ಮುಂದೆ ಬಾಡಿಗೆ ಕುದುರೆಗಾಡಿ ಬಂದು ನಿಂತಿತು. ಇಳಿದವರು ಪರ್ಸಿ ಡಿಯರ್ಮರ್ ಎಂಬ ಪಾದ್ರಿ. ಇಂಗ್ಲೆಂಡಿನ ಚರ್ಚುಗಳಿಗೆ ಹೊಸದೊಂದು ಸ್ತುತಿಗೀತೆಗಳ ಪುಸ್ತಕ ತರಬೇಕೆಂದು ಅವರು ಹೊರಟಿದ್ದರು, ಅದರ ಸಂಗೀತದ ಹೊಣೆ ಹೊರಲು ಒಬ್ಬರು ಬೇಕಿತ್ತು. ಆ ಮನೆಯಲ್ಲಿದ್ದವರು ರೇಫ್ ವಾನ್ ವಿಲಿಯಮ್ಸ್, ಇನ್ನೂ ಹೆಸರು ಮಾಡಿರದ ಮೂವತ್ತೊಂದರ ಸಂಗೀತಗಾರ. ಸ್ತುತಿಗೀತೆಗಳ ವಿಷಯ ತನಗೆ ಹೆಚ್ಚು ಗೊತ್ತಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ಎರಡು ತಿಂಗಳ ಕೆಲಸವಷ್ಟೇ ಎಂದು ಡಿಯರ್ಮರ್ ಒಪ್ಪಿಸಿದರು. ಕೆಲಸ ಮುಗಿಯಲು ಎರಡು ವರ್ಷ ಹಿಡಿಯಿತು. ಖರ್ಚು ಸುಮಾರು ಇನ್ನೂರೈವತ್ತು ಪೌಂಡ್‌ಗೆ ಏರಿತು. 1906ರಲ್ಲಿ ಹೊರಬಂದ ‘ದಿ ಇಂಗ್ಲಿಷ್ ಹಿಮ್ನಲ್’ ಇಂಗ್ಲಿಷ್ ಚರ್ಚುಗಳ ಸಂಗೀತದ ದಿಕ್ಕನ್ನೇ ಬದಲಿಸಿತು.

ಅದರ ಸಂಗೀತವನ್ನು ಸಂಪಾದಿಸಿದ ವ್ಯಕ್ತಿ ದೇವರನ್ನು ನಂಬುತ್ತಿರಲಿಲ್ಲ.

ವಾನ್ ವಿಲಿಯಮ್ಸ್ ಪಾದ್ರಿಯ ಮಗ. ಗ್ಲಾಸ್ಟರ್‌ಶೈರಿನ ಡೌನ್ ಆಂಪ್ನಿ ಎಂಬ ಹಳ್ಳಿಯಲ್ಲಿ 1872ರಲ್ಲಿ ಹುಟ್ಟಿ, ಎರಡೂವರೆ ವರ್ಷಕ್ಕೇ ತಂದೆಯನ್ನು ಕಳೆದುಕೊಂಡು ತಾಯಿಯ ತವರಿನಲ್ಲಿ ಬೆಳೆದವರು. ತಾಯಿಯ ತಾಯಿ ಚಾರ್ಲ್ಸ್ ಡಾರ್ವಿನ್ನನ ಅಕ್ಕ. ಡಾರ್ವಿನ್ ತಾತನ ಪುಸ್ತಕದ ಬಗ್ಗೆ ಜನ ಏಕಿಷ್ಟು ಗಲಾಟೆ ಮಾಡುತ್ತಾರೆಂದು ಹುಡುಗ ಒಮ್ಮೆ ತಾಯಿಯನ್ನು ಕೇಳಿದನಂತೆ. ಲೋಕ ಆರು ದಿನದಲ್ಲಿ ಆಯಿತೆಂದು ಬೈಬಲ್ ಹೇಳುತ್ತದೆ, ಹೆಚ್ಚು ಕಾಲ ಹಿಡಿಯಿತೆಂದು ತಾತ ಹೇಳುತ್ತಾರೆ, ಹೇಗಿದ್ದರೂ ಅದು ಅಷ್ಟೇ ಅದ್ಭುತ, ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬರ್ಥದ ಉತ್ತರ ಸಿಕ್ಕಿತು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋಗುವ ಹೊತ್ತಿಗೆ ಅವರು ನಾಸ್ತಿಕರಾಗಿದ್ದರು. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಲ್ಲಿ ಅವರ ಸಮಕಾಲೀನ. ಆಮೇಲೆ ಆ ನಿಲುವು ಮೆತ್ತಗಾಗಿ ಅಜ್ಞೇಯವಾದಕ್ಕೆ ಬಂತು, ಅಲ್ಲಿಂದ ಮುಂದೆ ಹೋಗಲಿಲ್ಲ. ಹಾಗಿದ್ದೂ ಕ್ರಿಸ್‌ಮಸ್ ಸಂಗೀತಕ್ಕೆ ಇಪ್ಪತ್ತನೇ ಶತಮಾನದಲ್ಲಿ ಅವರಷ್ಟು ದುಡಿದವರು ಇನ್ನೊಬ್ಬರು ಸಿಗುವುದು ಕಷ್ಟ. ನಂಬಿಕೆಯಿಲ್ಲದವರಿಗೆ ಕ್ರಿಸ್‌ಮಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆ ಪ್ರತಿ ಡಿಸೆಂಬರಿನಲ್ಲೂ ಏಳುತ್ತದೆ. ಅದಕ್ಕೆ ವಾದದಿಂದ ಬರುವ ಉತ್ತರಕ್ಕಿಂತ ಈ ಮನುಷ್ಯನ ಬದುಕಿನಿಂದ ಬರುವ ಉತ್ತರ ಹೆಚ್ಚು ಗಟ್ಟಿ.

1903ರ ಡಿಸೆಂಬರ್ ತಿಂಗಳನ್ನೇ ನೋಡಬಹುದು. ಆ ತಿಂಗಳ 4ರಂದು ಎಸೆಕ್ಸ್‌ನ ಇಂಗ್ರೇವ್ ಹಳ್ಳಿಯಲ್ಲಿ ಚಾರ್ಲ್ಸ್ ಪಾಟಿಫರ್ ಎಂಬ ಮುದುಕ ಕೂಲಿಯ ಬಾಯಿಂದ ವಾನ್ ವಿಲಿಯಮ್ಸ್ ಒಂದು ಜನಪದ ಗೀತೆ ಕೇಳಿ ಬರೆದುಕೊಂಡರು. ಅಲ್ಲಿಂದ ಹಾಡು ಹುಡುಕುವ ಹಂಬಲ ಹತ್ತಿತು. ಅದೇ ತಿಂಗಳು ಸರ್ರೆಯ ಫಾರೆಸ್ಟ್ ಗ್ರೀನ್ ಎಂಬಲ್ಲಿ ಗಾರ್ಮನ್ ಎಂಬವರು ಉಳುವ ಹುಡುಗನೊಬ್ಬ ಕಂಡ ಕೆಟ್ಟ ಕನಸಿನ ಹಾಡು ಹಾಡಿದರು. ಅದಕ್ಕೂ ಮೂವತ್ತೈದು ವರ್ಷ ಹಿಂದೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫಿಲಿಪ್ಸ್ ಬ್ರೂಕ್ಸ್ ಎಂಬ ಪಾದ್ರಿ ಬೆತ್ಲೆಹೇಮ್ ಊರಿನ ಮೇಲೆ ಒಂದು ಕ್ರಿಸ್‌ಮಸ್ ಗೀತೆ ಬರೆದಿದ್ದರು. ಹಿಮ್ನಲ್ ಸಂಪಾದಿಸುವಾಗ ವಾನ್ ವಿಲಿಯಮ್ಸ್ ಆ ಗೀತೆಗೆ ಗಾರ್ಮನ್ ಹಾಡಿದ ಮಟ್ಟನ್ನು ಕೂಡಿಸಿ, ಮಟ್ಟಿಗೆ ‘ಫಾರೆಸ್ಟ್ ಗ್ರೀನ್’ ಎಂದು ಊರಿನ ಹೆಸರನ್ನೇ ಇಟ್ಟರು. ‘ಓ ಲಿಟಲ್ ಟೌನ್ ಆಫ್ ಬೆತ್ಲೆಹೇಮ್’ ಅನ್ನು ಅಮೆರಿಕದಲ್ಲಿ ಬೇರೆ ಮಟ್ಟಿನಲ್ಲಿ ಹಾಡುತ್ತಾರೆ, ಇಂಗ್ಲೆಂಡಿನಲ್ಲಿ ಇಂದಿಗೂ ಈ ಹೊಲದ ಮಟ್ಟಿನಲ್ಲೇ ಹಾಡುತ್ತಾರೆ.

ಮರುವರ್ಷ ಸಸೆಕ್ಸ್‌ನ ಮಾಂಕ್ಸ್ ಗೇಟ್ ಎಂಬ ಪುಟ್ಟ ಊರಿನಲ್ಲಿ ಹ್ಯಾರಿಯೆಟ್ ವೆರಲ್ ಎಂಬ ಹೆಂಗಸು ಅವರೆದುರು ಒಂದು ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಹಾಡಿದರು. ಆಕೆ ಹಾಡಿದ್ದು ಇಂದು ‘ಸಸೆಕ್ಸ್ ಕ್ಯಾರಲ್’ ಎಂಬ ಹೆಸರಿನಲ್ಲಿ ಲೋಕದ ದೊಡ್ಡ ದೊಡ್ಡ ಗಾಯಕವೃಂದಗಳ ಬಾಯಲ್ಲಿದೆ. 1909ರಲ್ಲಿ ಹೆರೆಫರ್ಡ್‌ಶೈರಿನಲ್ಲಿ ಇನ್ನೊಂದು ಸಿಕ್ಕಿತು. ಕ್ರಿಸ್‌ಮಸ್ ಕಥೆಯನ್ನು ಆದಾಮನ ಸೃಷ್ಟಿಯಿಂದ ಹಿಡಿದು ಹೇಳುವ, ಗಂಭೀರವಾದ ಹಳೆಯ ಮಟ್ಟು ಅದು. 1912ರ ಸೆಪ್ಟೆಂಬರಿನಲ್ಲಿ ಹೆರೆಫರ್ಡ್‌ನಲ್ಲಿ ಮೊದಲು ಕೇಳಿಸಿದ ‘ಫ್ಯಾಂಟಸಿಯಾ ಆನ್ ಕ್ರಿಸ್‌ಮಸ್ ಕ್ಯಾರಲ್ಸ್’ ಕೃತಿ ಆ ಮಟ್ಟಿನಿಂದಲೇ ತೆರೆದುಕೊಳ್ಳುತ್ತದೆ. ಮೊದಲು ಒಂಟಿ ಚೆಲ್ಲೊ, ಆಮೇಲೆ ಒಂಟಿ ಗಂಡುದನಿ, ಅದರ ಹಿಂದೆ ಮಾತಿಲ್ಲದೆ ಗುನುಗುವ ವೃಂದ. ಸುಮಾರು ಹನ್ನೆರಡು ನಿಮಿಷದ ಕೃತಿ. ನಂಬಿಕೆಯ ತಕರಾರನ್ನು ಬದಿಗಿಟ್ಟು ಒಮ್ಮೆ ಕೇಳಿದವರಿಗೆ, ಈ ಮನುಷ್ಯ ಹಬ್ಬದ ಹೊರಗೆ ನಿಂತು ಇಣುಕಿದವನಲ್ಲ ಎಂಬುದು ಗೊತ್ತಾಗುತ್ತದೆ.

ಹಾಡಿಕೊಟ್ಟವರು ಹೊಲದ ಕೂಲಿಗಳು, ಅವರ ಹೆಂಡಂದಿರು, ಜಿಪ್ಸಿಗಳು. ಓದು ಬರಹ ಹೆಚ್ಚು ಇಲ್ಲದವರು. ಅವರ ಮಕ್ಕಳು ಆ ಹಾಡುಗಳನ್ನು ಕಲಿಯುತ್ತಿರಲಿಲ್ಲ. ವಾನ್ ವಿಲಿಯಮ್ಸ್, ಅವರ ಗೆಳೆಯರಾದ ಸೆಸಿಲ್ ಶಾರ್ಪ್, ಜಾರ್ಜ್ ಬಟರ್‌ವರ್ತ್ ಮುಂತಾದವರು ಆ ಮನೆಗಳಿಗೆ ಹೋಗಿ ಕೂರದಿದ್ದರೆ ಎಷ್ಟೋ ಮಟ್ಟುಗಳು ಹಾಡುವವರ ಜತೆಗೇ ಮಣ್ಣಾಗುತ್ತಿದ್ದವು. ಒಂದು ಸಮಾಜ ನೂರಾರು ವರ್ಷ ತನ್ನ ಸಂತೋಷ, ಹಸಿವು, ಚಳಿ, ಹೆರಿಗೆ, ಸಾವುಗಳನ್ನು ಇಟ್ಟುಕೊಂಡು ಬಂದ ಪಾತ್ರೆ ಆ ಹಾಡು. ಅದನ್ನು ಎತ್ತಿಕೊಳ್ಳಲು ಕನ್ಯೆಯ ಹೊಟ್ಟೆಯಲ್ಲಿ ದೇವರು ಹುಟ್ಟಿದನೆಂದು ಒಪ್ಪಲೇಬೇಕೆಂಬ ಷರತ್ತು ಯಾರೂ ಹಾಕಿರಲಿಲ್ಲ. ಇನ್ನೂ ಒಂದು ಮಾತಿದೆ. ಚರ್ಚಿನಲ್ಲಿ ಕೆಟ್ಟ ಸಂಗೀತ ಹಾಡಿಸುವುದು ರುಚಿಯ ಪ್ರಶ್ನೆಗಿಂತ ನೀತಿಯ ಪ್ರಶ್ನೆ ಎಂಬ ಅರ್ಥದ ಮಾತನ್ನು ಅವರು ಹಿಮ್ನಲ್‌ನ ಮುನ್ನುಡಿಯಲ್ಲಿ ಬರೆದರು. ವಾರವೆಲ್ಲ ದುಡಿದು ಭಾನುವಾರ ಮಾತ್ರ ಸಂಗೀತ ಕೇಳುವ ಬಡವನಿಗೆ ಕಳಪೆಯದನ್ನು ಕೊಡಬಾರದು ಎಂಬ ಹಟ ಅದು. ಆ ಹಟಕ್ಕೆ ಯಾವ ಹೆಸರು ಕೊಟ್ಟರೂ ಸರಿ, ಅದರಲ್ಲಿ ಶ್ರದ್ಧೆಯಿದೆ.

ಆಮೇಲೆ ಯುದ್ಧ ಬಂತು. ವಯಸ್ಸು ನಲವತ್ತೆರಡಾಗಿತ್ತು, ಸೇನೆಗೆ ಹೋಗಲೇಬೇಕೆಂಬ ಒತ್ತಾಯ ಇರಲಿಲ್ಲ. ಆದರೂ ವೈದ್ಯಕೀಯ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿ, ಗಾಯಾಳುಗಳನ್ನು ಸಾಗಿಸುವ ಕೆಲಸ ಮಾಡಿದರು. 1916ರ ಆಗಸ್ಟಿನಲ್ಲಿ ಸೊಮ್ ಕದನದಲ್ಲಿ ಬಟರ್‌ವರ್ತ್ ಸತ್ತರು, ದೇಹ ಸಿಗಲಿಲ್ಲ. ಆ ವರ್ಷದ ಕೊನೆಗೆ ವಾನ್ ವಿಲಿಯಮ್ಸ್‌ರ ದಳ ಗ್ರೀಸಿಗೆ ಹೋಯಿತು. ಅಲ್ಲಿ ಒಲಿಂಪಸ್ ಬೆಟ್ಟದ ತಪ್ಪಲಿನ ಚಳಿಯಲ್ಲಿ, ತಾವೇ ಕಲಿಸಿ ಕಟ್ಟಿದ ಸಿಪಾಯಿಗಳ ಹಾಡುಗಾರರ ಗುಂಪಿನಿಂದ ಅವರು ಕ್ರಿಸ್‌ಮಸ್ ಕ್ಯಾರಲ್‌ಗಳನ್ನು ಹಾಡಿಸಿದರು. ಹೆರೆಫರ್ಡ್‌ಶೈರಿನಲ್ಲಿ, ಸಸೆಕ್ಸ್‌ನಲ್ಲಿ ಕೂಲಿಗಳಿಂದ ಬರೆದುಕೊಂಡ ಹಾಡುಗಳು ಊರಿಂದ ಅಷ್ಟು ದೂರ ಬಂದ ಹುಡುಗರ ಬಾಯಿಗೆ ಬಂದವು. ಆ ಹುಡುಗರಲ್ಲಿ ಯಾರು ನಂಬುತ್ತಿದ್ದರು, ಯಾರು ಇಲ್ಲ ಎಂದು ಲೆಕ್ಕ ಹಾಕುವ ಹೊತ್ತು ಅದಲ್ಲ.

ಹೀಗೆ ಮಾಡುವುದು ಸೋಗಲ್ಲವೆ? ನಂಬದ ಬಾಯಲ್ಲಿ ಸ್ತುತಿ ಏಕೆ? ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ, ಎರಡೂ ಕಡೆಯವರು ಪ್ರಾಮಾಣಿಕರೇ. ಭಕ್ತರಿಗೆ ತಮ್ಮ ದೇವರು ಬರೀ ಸಂಗೀತಕ್ಕೊಂದು ನೆಪವಾದನೆಂಬ ನೋವು. ವಿಚಾರವಾದಿಗಳಿಗೆ ಮೌಢ್ಯದ ಜತೆ ರಾಜಿಯಾಯಿತೆಂಬ ಬೇಸರ. ಸೋಗೆಂದರೆ ಇಲ್ಲದ್ದನ್ನು ಇದೆ ಎಂದು ತೋರಿಸುವುದು. ವಾನ್ ವಿಲಿಯಮ್ಸ್ ಹಾಗೆ ಒಮ್ಮೆಯೂ ತೋರಿಸಿಕೊಳ್ಳಲಿಲ್ಲ. ನಾಸ್ತಿಕನೊಬ್ಬ ಒಳ್ಳೆಯ ಪೂಜಾಸಂಗೀತ ರಚಿಸಬಾರದೆಂದೇನೂ ಇಲ್ಲ ಎಂಬುದು ಅವರ ತಿಳಿವಳಿಕೆಯಾಗಿತ್ತು, 1921ರಲ್ಲಿ ಅಂಥದ್ದೊಂದನ್ನು ರಚಿಸಿಯೂ ತೋರಿಸಿದರು. ಇನ್ನು ಕ್ರಿಸ್‌ಮಸ್ ಕೇವಲ ಭಕ್ತರ ಸ್ವತ್ತು ಎಂಬ ಮಾತಿಗೆ ಚರಿತ್ರೆಯ ಬೆಂಬಲವೂ ಕಡಿಮೆ. ಈ ಹಬ್ಬವನ್ನು ಕಾನೂನಿನಿಂದ ನಿಲ್ಲಿಸಲು ಹೊರಟವರು ಕಡುಭಕ್ತರಾದ ಪ್ಯೂರಿಟನ್ನರೇ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅದನ್ನು ರದ್ದು ಮಾಡಿತು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿತು. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಬೈಬಲಿನಲ್ಲಿ ತಾರೀಕು ಇಲ್ಲ, ಕುಡಿತ ಕುಣಿತ ಹೆಚ್ಚು ಎಂಬುದು ಪ್ಯೂರಿಟನ್ನರ ಆಕ್ಷೇಪ. ಅಂದಮೇಲೆ ಹಬ್ಬದಲ್ಲಿ ಬೈಬಲಿನಾಚೆಯದು ಬಹಳ ಇತ್ತೆಂದು ಅವರೇ ಒಪ್ಪಿದ ಹಾಗಾಯಿತು.

1928ರಲ್ಲಿ ಡಿಯರ್ಮರ್, ಸಂಗೀತಗಾರ ಮಾರ್ಟಿನ್ ಶಾ ಅವರ ಜತೆ ಸೇರಿ ವಾನ್ ವಿಲಿಯಮ್ಸ್ ‘ದಿ ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ ತಂದರು. ಪಾದ್ರಿಯೂ ಅಜ್ಞೇಯವಾದಿಯೂ ಒಂದೇ ಮೇಜಿನಲ್ಲಿ ಕೂತು ಮಾಡಿದ ಕೆಲಸ, ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ಸ್ನೇಹದ ಫಲ. ಕೊನೆಯ ದೊಡ್ಡ ಕ್ರಿಸ್‌ಮಸ್ ಕೃತಿ ‘ಹೋದಿಯೆ’ 1954ರ ಸೆಪ್ಟೆಂಬರಿನಲ್ಲಿ ವುಸ್ಟರ್ ಕೆಥೆಡ್ರಲ್‌ನಲ್ಲಿ ನುಡಿಯಿತು. ಎಂಬತ್ತೊಂದರ ಸಂಯೋಜಕರೇ ನಿಂತು ನಡೆಸಿದರು. ಅದರಲ್ಲಿ ಸುವಾರ್ತೆಯ ಮಾತುಗಳಿವೆ, ಮಿಲ್ಟನ್, ಜಾರ್ಜ್ ಹರ್ಬರ್ಟರ ಕವಿತೆಗಳಿವೆ. ಇವರ ನಡುವೆ ಥಾಮಸ್ ಹಾರ್ಡಿಯ ‘ದಿ ಆಕ್ಸನ್’ ಬರುತ್ತದೆ. ಈ ಆಯ್ಕೆಯ ಮುಂದೆ ಸ್ವಲ್ಪ ನಿಲ್ಲಬೇಕು.

ಹಾರ್ಡಿಯ ಅಜ್ಜ, ಅಪ್ಪ ಇಬ್ಬರೂ ಡಾರ್ಸೆಟ್‌ನ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ತಂತಿವಾದ್ಯ ನುಡಿಸುತ್ತಿದ್ದವರು. ಕ್ರಿಸ್‌ಮಸ್ ರಾತ್ರಿ ಮನೆ ಮನೆಗೆ ಹೋಗಿ ಹಾಡುವ ಅಂಥ ಗುಂಪಿನ ಚಿತ್ರದಿಂದಲೇ ಅವನ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಕಾದಂಬರಿ ತೆರೆದುಕೊಳ್ಳುತ್ತದೆ. ಹಾರ್ಡಿ ಬೆಳೆಯುತ್ತ ನಂಬಿಕೆ ಕಳೆದುಕೊಂಡ. ‘ದಿ ಆಕ್ಸನ್’ 1915ರ ಡಿಸೆಂಬರ್ 24ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಬಂತು. ಕ್ರಿಸ್‌ಮಸ್ ಹಿಂದಿನ ನಡುರಾತ್ರಿ ಕೊಟ್ಟಿಗೆಯ ದನಗಳು ಮೊಣಕಾಲೂರುತ್ತವೆ ಎಂಬುದು ಅವನ ಸೀಮೆಯ ಹಳೆಯ ನಂಬಿಕೆ. ಚಿಕ್ಕಂದಿನಲ್ಲಿ ಒಲೆಯ ಮುಂದೆ ಕೂತು ಅದನ್ನು ಅನುಮಾನವಿಲ್ಲದೆ ಕೇಳಿದ್ದ ಮಾತಿನಿಂದ ಕವಿತೆ ಶುರುವಾಗುತ್ತದೆ. ಈಗ ಅಂಥ ಕಥೆ ಕಟ್ಟುವವರು ಕಡಿಮೆ. ಆದರೂ ಯಾರಾದರೂ ಬಂದು, ನಡೆ, ದನ ಮಂಡಿಯೂರಿರುವುದನ್ನು ನೋಡಿ ಬರೋಣ ಎಂದು ಕರೆದರೆ, ನಿಜವಿರಬಹುದೇನೋ ಎಂಬ ಆಸೆಯಿಂದ ಆ ಕತ್ತಲಲ್ಲಿ ಹೊರಡುತ್ತೇನೆ ಎನ್ನುತ್ತಾನೆ. ನಂಬುತ್ತೇನೆ ಎಂದು ಎಲ್ಲೂ ಹೇಳುವುದಿಲ್ಲ. ಎರಡನೇ ವರ್ಷಕ್ಕೆ ಕಾಲಿಟ್ಟ ಯುದ್ಧದ ಸುದ್ದಿಗಳ ನಡುವೆ ಓದುಗರು ಈ ಕವಿತೆ ಓದಿದರು. ನಂಬದವನ ಕ್ರಿಸ್‌ಮಸ್ ಬಗ್ಗೆ ಇದಕ್ಕಿಂತ ನಿಜವಾದ ಬರಹ ಇಂಗ್ಲಿಷಿನಲ್ಲಿ ಇರಲಾರದು. ವಾನ್ ವಿಲಿಯಮ್ಸ್ ಅದನ್ನು ಸುವಾರ್ತೆಯ ಪಕ್ಕದಲ್ಲೇ ಕೂರಿಸಿದರು.

ಕನ್ನಡಿಗರಿಗೆ ಈ ಬಗೆಯ ಮನುಷ್ಯ ಹೊಸಬನಲ್ಲ. ಶಿವರಾಮ ಕಾರಂತರು ದೇವರ ವಿಷಯದಲ್ಲಿ ತಮ್ಮ ನಿಲುವನ್ನು ಎಂದೂ ಮುಚ್ಚಿಟ್ಟವರಲ್ಲ. ಅವರೇ ಬಾಳಿನ ದೊಡ್ಡ ಪಾಲನ್ನು ಯಕ್ಷಗಾನಕ್ಕೆ ಕೊಟ್ಟರು. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಆಟ ಏಳುವುದಿಲ್ಲ, ಹರಕೆ ಹೊತ್ತವರು ಆಟ ಆಡಿಸುತ್ತಾರೆ, ರಂಗದ ಮೇಲೆ ಬರುವವರೆಲ್ಲ ದೇವರು, ರಾಕ್ಷಸರು. ಹಳೆಯ ತಾಳೆಗರಿ, ಭಾಗವತರ ಮಟ್ಟು, ವೇಷ, ಕುಣಿತ ಎಲ್ಲವನ್ನೂ ಹುಡುಕಿ ಅವರು ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಂಬಿಕೆಯಿಲ್ಲದೆ ಯಕ್ಷಗಾನ ಮುಟ್ಟಬೇಡಿ ಎಂದು ಅವರನ್ನು ತಡೆದಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು!

ಇಂದಿನ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಒಬ್ಬಿಬ್ಬರದಾಗಿ ಉಳಿದಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇಕಡ 46.2ರಷ್ಟು ಜನ ಮಾತ್ರ ತಾವು ಕ್ರೈಸ್ತರೆಂದರು, ಶೇಕಡ 37.2ರಷ್ಟು ಜನ ತಮಗೆ ಧರ್ಮವಿಲ್ಲವೆಂದರು. ಆದರೆ ಡಿಸೆಂಬರ್ 24ರ ಮಧ್ಯಾಹ್ನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ನಡೆಯುವ ಒಂಬತ್ತು ಪಾಠ ಮತ್ತು ಕ್ಯಾರಲ್‌ಗಳ ಪ್ರಾರ್ಥನೆಗೆ ಕಿವಿಗೊಡುವವರು ಇಂದಿಗೂ ಬಹಳ. ಯುದ್ಧರಂಗದಿಂದ ಮರಳಿದ್ದ ಪಾದ್ರಿ ಎರಿಕ್ ಮಿಲ್ನರ್-ವೈಟ್ ಅದನ್ನು 1918ರಲ್ಲಿ ಅಲ್ಲಿ ಶುರು ಮಾಡಿದರು. ಬಿಬಿಸಿ 1928ರಿಂದ ಅದನ್ನು ರೇಡಿಯೊದಲ್ಲಿ ಕೇಳಿಸುತ್ತಿದೆ. ಇನ್ನೊಂದೆಡೆ, ಹಾಸ್ಯಗಾರ ರಾಬಿನ್ ಇನ್ಸ್ 2008ರಲ್ಲಿ ದೇವರಿಲ್ಲದವರಿಗಾಗಿಯೇ ಇಂಥ ಒಂದು ಕ್ರಿಸ್‌ಮಸ್ ಕಾರ್ಯಕ್ರಮ ಕಟ್ಟಿ, ವಿಜ್ಞಾನಿಗಳನ್ನೂ ಹಾಡುಗಾರರನ್ನೂ ಒಂದೇ ವೇದಿಕೆಗೆ ತಂದರು.

ಈ ದಾರಿಯಲ್ಲಿ ಒಂದು ಅಪಾಯವೂ ಇದೆ. ನಾಸ್ತಿಕ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ತಮ್ಮನ್ನು ಸಾಂಸ್ಕೃತಿಕ ಕ್ರೈಸ್ತ ಎಂದು ಕರೆದುಕೊಳ್ಳುತ್ತಾರೆ, ಕ್ಯಾರಲ್ ಹಾಡುವುದು ಇಷ್ಟ ಎನ್ನುತ್ತಾರೆ. ಅಲ್ಲಿಯವರೆಗೆ ಯಾರ ತಕರಾರೂ ಇರಬೇಕಾಗಿಲ್ಲ. 2024ರ ಈಸ್ಟರ್ ಹೊತ್ತಿನಲ್ಲಿ ಅದೇ ಮಾತನ್ನು ಅವರು ಇಸ್ಲಾಮಿಗೆ ಎದುರಾಗಿ ನಿಲ್ಲಿಸಿ ಆಡಿದರು. ಹಾಡಿನ ಮೇಲಿನ ಪ್ರೀತಿ ನೆರೆಯವನನ್ನು ಹೊರಗಿಡುವ ಬೇಲಿಯಾಗುವುದು ಹೀಗೆ. ನಂಬಿಕೆಯನ್ನು ಬಿಟ್ಟು ಗುರುತನ್ನು ಮಾತ್ರ ಇಟ್ಟುಕೊಳ್ಳುವುದು ಈ ಹಬ್ಬದಿಂದ ಪಡೆಯಬಹುದಾದ ಅತಿ ಬಡವಾದ ಅರ್ಥ. ಕೂಲಿಯ ಮನೆಯ ಬಾಗಿಲಲ್ಲಿ ನಿಂತು ಹಾಡು ಬೇಡಿದ ವಾನ್ ವಿಲಿಯಮ್ಸ್ ಪಡೆದದ್ದು ಅದಕ್ಕಿಂತ ಬಹಳ ದೊಡ್ಡದು.

ಕರಾವಳಿಯ ಕೊಂಕಣಿ ಕ್ರೈಸ್ತರ ನೆರೆಯಲ್ಲಿ ಬೆಳೆದವರಿಗೆ ಹಬ್ಬವೆಂದರೆ ಮುಚ್ಚಿದ ತಟ್ಟೆಯಲ್ಲಿ ಬರುವ ಕುಸ್ವಾರ್, ಅದರೊಳಗಿನ ಕಿಡಿಯೊ, ನೆವ್ರಿ, ಗುಳಿಯೊ. ಕೊಡುವವರು ಯಾವ ಮನೆಯವರ ನಂಬಿಕೆಯನ್ನೂ ಕೇಳಿ ಕೊಡುವುದಿಲ್ಲ. ಹಾಡಿನ ಸಂಪತ್ತೂ ನಮ್ಮಲ್ಲಿ ಕಡಿಮೆಯಿಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಮೇಲೆ ಕನ್ನಡದಲ್ಲಿ ಕ್ರೈಸ್ತ ಗೀತೆಗಳ ದೊಡ್ಡ ಪರಂಪರೆಯೇ ಬೆಳೆಯಿತು. ನಿಘಂಟಿನ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯಕ್ಕೆ ತಂದರು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಹಳೆಯ ಸಭೆಗಳಲ್ಲಿ ಕ್ಯಾರಲ್ ತಂಡದ ಜತೆ ಮನೆ ಮನೆಗೆ ಹೋಗಿ ಹಾಡಿದ ಅಜ್ಜಿಯರು, ಅಜ್ಜಂದಿರು ಇನ್ನೂ ಇದ್ದಾರೆ. ಅಚ್ಚಾದ ಪುಸ್ತಕದಲ್ಲಿ ಮಾತು ಸಿಗುತ್ತದೆ, ಅವರು ಹಾಡುವ ಮಟ್ಟು ಸಿಗುವುದಿಲ್ಲ.

ಓದುಗರಲ್ಲಿ ಪತ್ರಿಕೆಯದೊಂದು ಕೋರಿಕೆ. ಈ ಡಿಸೆಂಬರಿನಲ್ಲಿ ಅಂಥವರೊಬ್ಬರ ಮನೆಗೆ ಹೋಗಿ. ನಿಮ್ಮ ಧರ್ಮ ಯಾವುದಾದರೂ ಸರಿ, ಯಾವುದೂ ಇಲ್ಲದಿದ್ದರೂ ಸರಿ. ಅವರಿಗೆ ಗೊತ್ತಿರುವ ಹಳೆಯ ಕ್ರಿಸ್‌ಮಸ್ ಹಾಡೊಂದನ್ನು ಕೇಳಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿ ಹಿಡಿದಿಡಿ. ಹಾಡಿದವರ ಹೆಸರು, ಊರು, ಹಾಡಿದ ತಾರೀಕು, ಹಾಡು ಯಾರಿಂದ ಬಂತು ಎಂಬುದನ್ನು ಮರೆಯದೆ ಬರೆದುಕೊಳ್ಳಿ.