ಅದು ಮಸಿಯಲ್ಲ ಅಜ್ಜೀ!



ಇತ್ತೀಚೆಗೆ ಮನೆಭೇಟಿಗೆಂದು ಒಂದು ಮನೆಗೆ ಹೋದಾಗ ಅತ್ತೆ ಜಗಲಿಯಲ್ಲಿದ್ದರು, ಸೊಸೆ ಒಳಗಿದ್ದಳು. ಎರಡು ದಿನಗಳಿಂದ ಇಬ್ಬರ ನಡುವೆ ಮಾತಿಲ್ಲ. ಕಾರಣ, ಗಲ್ಫಿನಲ್ಲಿ ದುಡಿಯುವ ಮಗ ರಜೆಯಲ್ಲಿ ಬಂದಾಗ ತಂದುಕೊಟ್ಟ ನಾನ್‌ಸ್ಟಿಕ್ ಕಾವಲಿ!

"ಮಸಿ ಹಿಡಿದಿದೆ ಅಂದುಕೊಂಡೆ ಫಾದರ್. ಅವಳಿಗೆ ಕೆಲಸ ಹಗುರಾಗಲಿ ಅಂತ ಬೂದಿ, ತೆಂಗಿನ ನಾರು ಹಾಕಿ ಚೆನ್ನಾಗಿ ಉಜ್ಜಿದೆ" ಎನ್ನುತ್ತಾ ಅಜ್ಜಿ ಕಣ್ಣೊರೆಸಿಕೊಂಡರು.

ಸೌದೆ ಒಲೆಯ ಪಾತ್ರೆಗಳನ್ನು ಫಳಫಳ ಹೊಳೆಯಿಸಿದ ಕೈ ಅದು. ಹೊಸ ಪಾತ್ರೆಯ ಗುಣ ಅವರಿಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ಹೇಳುತ್ತೇನೆ.

ಆ ಕಪ್ಪು, ಲೋಹದ ಮೇಲೆ ಹಚ್ಚಿದ ಪಿ.ಟಿ.ಎಫ್.ಇ. ಎಂಬ ತೆಳು ಲೇಪನ. 1938ರಲ್ಲಿ ಅಮೆರಿಕದ ವಿಜ್ಞಾನಿ ರಾಯ್ ಪ್ಲಂಕೆಟ್ ಅವರಿಗೆ ಈ ವಸ್ತು ಆಕಸ್ಮಿಕವಾಗಿ ದೊರೆಯಿತು. ಇದಕ್ಕೆ ಹಿಟ್ಟು ಅಂಟದು. ಆದರೆ ಕೆರೆದರೆ ಇದು ತಾಳದು.

ಮರದ ಸಟ್ಟುಗವನ್ನೇ ಬಳಸಿ. ಬಿಸಿ ಕಾವಲಿಗೆ ತಣ್ಣೀರು ಹೊಯ್ಯಬೇಡಿ, ತಳ ಡೊಂಕಾಗುತ್ತದೆ. ಆರಿದ ಮೇಲೆ ಮೆತ್ತನೆಯ ಸ್ಪಂಜು, ಸ್ವಲ್ಪ ಸೋಪಿನಿಂದ ತೊಳೆದರೆ ಸಾಕು. ಏನಾದರೂ ಅಂಟಿದ್ದರೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ ತೊಳೆಯಿರಿ. ಒಂದರ ಮೇಲೊಂದು ಪಾತ್ರೆ ಇಡುವುದಾದರೆ ನಡುವೆ ಬಟ್ಟೆ ಹಾಸಿ.

ಬರಿದಾದ ಕಾವಲಿಯನ್ನು ದೊಡ್ಡ ಉರಿಯ ಮೇಲೆ ಬಿಡಲೇಬೇಡಿ. ಶಾಖ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನ ಕೆಡತೊಡಗುತ್ತದೆ. ಇನ್ನೂ ಕಾದರೆ ಬರುವ ಹೊಗೆಯಿಂದ ಮನುಷ್ಯರಿಗೆ ಜ್ವರ ಬರಬಹುದು, ಪಂಜರದ ಗಿಳಿ ಸಾಯಬಹುದು. ಹಿಂದೆ ಇದರ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿ.ಎಫ್.ಒ.ಎ. ಎಂಬ ರಾಸಾಯನಿಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2023ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕೊಳ್ಳುವಾಗ ಅದಿಲ್ಲವೆಂದು ಬರೆದಿರುವುದನ್ನು ನೋಡಿ ಕೊಳ್ಳಿ. ಲೇಪನ ಎದ್ದುಬಂದ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಅದರ ಚೂರು ಅಪ್ಪಿತಪ್ಪಿ ಹೊಟ್ಟೆಗೆ ಹೋದರೆ ಹೆದರಬೇಕಿಲ್ಲ. ಅದು ಮೈಗೆ ಹತ್ತದೆ ಹೊರಗೆ ಹೋಗುತ್ತದೆ.

ಇದನ್ನೆಲ್ಲ ಹೇಳುವಷ್ಟರಲ್ಲಿ ಸೊಸೆ ಜಗಲಿಗೆ ಬಂದಿದ್ದಳು. "ಮಸಿ ಅಂದುಕೊಂಡಿರಾ ಅತ್ತೆ? ನನಗೆ ಸಿಟ್ಟಿನಿಂದ ಉಜ್ಜಿದಿರಿ ಅಂತ ಅನಿಸಿತು" ಎಂದಳು. ಅಜ್ಜಿ ಅವಳ ಕೈ ಹಿಡಿದುಕೊಂಡರು. ಆಶೀರ್ವಾದದ ಪ್ರಾರ್ಥನೆಗೆ ಇಬ್ಬರೂ ಒಂದೇ ಚಾಪೆಯಲ್ಲಿ ಕುಳಿತರು. ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಕಾವಲಿ ಕೆಳಗಿಳಿಯಿತು.

ಪ್ರಿಯರೇ, ಕಾವಲಿಯ ಲೇಪನ ಒಮ್ಮೆ ಹೋದರೆ ಮತ್ತೆ ಬಾರದು. ಮನಸ್ಸಿಗೆ ಬಿದ್ದ ಗೀರಾದರೋ ಕ್ಷಮೆಯಿಂದ ಮಾಯುತ್ತದೆ. ಆ ಎರಡು ದಿನಗಳಲ್ಲಿ "ಏಕೆ ಹೀಗೆ ಮಾಡಿದಿರಿ?" ಎಂದು ಸಮಾಧಾನದಿಂದ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲೂ ಮಾತು ಬಿಟ್ಟವರಿದ್ದರೆ, ಇಂದು ಸಂಜೆಯ ಜಪಸರಕ್ಕೆ ಮುಂಚೆ ಆ ಒಂದು ಮಾತು ಕೇಳಿಬಿಡಿ.

ಪ್ರಭು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.